4.9 ವೋಲ್ಟ್ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲೂಕಿನವನು. ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ಬಂದ್ ಆಗುವ ಸರ್ಕ್ಯೂಟ್ ಮಾಡುತ್ತಿದ್ದೇನೆ. ಹಳೇ ಬೈಕಿನ 12 ವೋಲ್ಟ್ ಬ್ಯಾಟರಿ ಇದೆ, ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಮಾತ್ರ 5 ವೋಲ್ಟಿನದು. ಹಾಗಾಗಿ 6.8 ಕೆ (ಕಿಲೋ ಓಮ್, ಅಂದರೆ 6800 ಓಮ್) ಮತ್ತು 4.7 ಕೆ ರೆಸಿಸ್ಟರ್‌ಗಳನ್ನು ಸೀರೀಸ್‌ನಲ್ಲಿ ಹಾಕಿ ವೋಲ್ಟೇಜ್ ಡಿವೈಡರ್ ಮಾಡಿದೆ. ಸೂತ್ರದಲ್ಲಿ 4.9 ವೋಲ್ಟ್ ಬರುತ್ತೆ, ಮೀಟರಿನಲ್ಲೂ 4.9 ಬಂತು. ಆದರೆ ರಿಲೇ ಜೋಡಿಸಿದ ತಕ್ಷಣ 0.12ಕ್ಕೆ ಇಳಿಯಿತು. ರಿಲೇ ಟಕ್ ಅನ್ನಲೇ ಇಲ್ಲ. ರಿಲೇ ತೆಗೆದರೆ ಮತ್ತೆ 4.9. ರಿಲೇ ಕೆಟ್ಟಿದೆಯಾ, ಸೂತ್ರ ತಪ್ಪಾ? ಇನ್ನೊಂದು ವಿಷಯ: ಎರಡು ರೆಸಿಸ್ಟರ್ ಇದ್ದಾಗ ಯಾವುದರ ಮೇಲಿನ ವೋಲ್ಟೇಜನ್ನು ಔಟ್‌ಪುಟ್ ಅನ್ನಬೇಕು? ಲ್ಯಾಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ನಿಮ್ಮ ರಿಲೇ ಕೆಟ್ಟಿಲ್ಲ. ಸೂತ್ರ ತಪ್ಪಿಲ್ಲ. ಮೀಟರ್ ಕೂಡ ಸರಿಯಾಗೇ ಇದೆ.

ಪ್ರಶ್ನೆ ಓದಿದ ಮೇಲೆ ನನಗೂ ಸುಮ್ನೆ ಕೂರಲು ಆಗಲಿಲ್ಲ. ಡಬ್ಬಿಯಲ್ಲಿ ಕೈಯಾಡಿಸಿ ಹಳದಿ-ನೇರಳೆ-ಕೆಂಪು ಪಟ್ಟಿಯ 4.7 ಕೆ ಒಂದು, ನೀಲಿ-ಬೂದು-ಕೆಂಪು ಪಟ್ಟಿಯ 6.8 ಕೆ ಒಂದು ತೆಗೆದು ಬ್ರೆಡ್‌ಬೋರ್ಡ್‌ಗೆ ಚುಚ್ಚಿದೆ. 12 ವೋಲ್ಟ್ ಕೊಟ್ಟೆ. ನಡುವಿನ ಜಾಗದಲ್ಲಿ 4.88 ತೋರಿಸಿತು. ನೀಲಿ ಡಬ್ಬಿಯಂತಿರುವ ಆ ಸಾಮಾನ್ಯ 5 ವೋಲ್ಟ್ ರಿಲೇಯ ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ, ತಂದು ಮುಟ್ಟಿಸಿದೆ. 0.12. ನಿಮ್ಮದೇ ಅಂಕಿ! ಸಿಂಧನೂರಿನಲ್ಲಿ ಕೂತು ಅಳೆದರೂ ರಾಯಚೂರಿನಲ್ಲಿ ಕೂತು ಅಳೆದರೂ ಓಮ್ ಸಾಹೇಬರ ಲೆಕ್ಕ ಒಂದೇ, ಅಲ್ವಾ? 1827ರಲ್ಲಿ ಬರೆದಿಟ್ಟ ಲೆಕ್ಕ ಅದು, ಇನ್ನೂ ಯಾರಿಗೂ ಕೈಕೊಟ್ಟಿಲ್ಲ.

ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಗೊತ್ತಾಗದೆ ಮೊದಲನೆಯದು ತಿಳಿಯುವುದಿಲ್ಲ.

ಸೀರೀಸ್ ಅಂದರೆ, ನೀವು ಹತ್ತನೇ ಕ್ಲಾಸಿನಲ್ಲಿ ಓದಿದ ಸರಣಿ ಜೋಡಣೆ, ಕರೆಂಟಿಗೆ ಇರುವುದು ಒಂದೇ ದಾರಿ. ಮೊದಲ ರೆಸಿಸ್ಟರ್‌ನಲ್ಲಿ ಎಷ್ಟು ಹರಿಯುತ್ತೋ ಎರಡನೆಯದರಲ್ಲೂ ಅಷ್ಟೇ. ಎರಡೂ ಸೇರಿದರೆ 11.5 ಕೆ. 12 ವೋಲ್ಟನ್ನು 11.5 ಕೆಯಿಂದ ಭಾಗಿಸಿದರೆ 1.04 ಮಿಲಿ ಆಂಪ್. ಈ ಕರೆಂಟ್ 6.8 ಕೆಯಲ್ಲಿ ಹಾದಾಗ ಅಲ್ಲಿ 7.1 ವೋಲ್ಟ್ ಇಳಿಯುತ್ತೆ. 4.7 ಕೆಯಲ್ಲಿ 4.9 ವೋಲ್ಟ್ ಇಳಿಯುತ್ತೆ. ಕೂಡಿಸಿ ನೋಡಿ, 12 ಬರುತ್ತೆ. ಬರಲೇಬೇಕು. ದೊಡ್ಡ ರೆಸಿಸ್ಟರ್‌ಗೆ ದೊಡ್ಡ ಪಾಲು, ಚಿಕ್ಕದಕ್ಕೆ ಚಿಕ್ಕ ಪಾಲು. ಡಿವೈಡರ್ ಅನ್ನೋದು ಇಷ್ಟೇ, ಅಣ್ಣತಮ್ಮಂದಿರ ಹೊಲ ಹಂಚಿದ ಹಾಗೆ. ಒಂದು ವ್ಯತ್ಯಾಸ, ಇಲ್ಲಿ ಜಗಳ ಇಲ್ಲ.

ಹಾಗಾದರೆ ಔಟ್‌ಪುಟ್ ಯಾವುದು, 7.1 ವೋಲ್ಟೋ 4.9 ವೋಲ್ಟೋ? ನಿಮ್ಮ ಲ್ಯಾಬಿನ ಗೆಳೆಯರು ಕಿತ್ತಾಡುವುದು ಇದಕ್ಕೇ. ಎರಡೂ ನಿಜವಾದ ವೋಲ್ಟೇಜ್‌ಗಳೇ. ಆದರೆ ವೋಲ್ಟೇಜ್ ಅನ್ನುವುದು ಒಂಟಿ ಜಾಗದ ಗುಣ ಅಲ್ಲ. ಯಾವಾಗಲೂ ಎರಡು ಜಾಗದ ನಡುವಿನ ಲೆಕ್ಕ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮ್ 1633 ಅಡಿ ಮುಟ್ಟಿತು ಅಂದರೆ ನಮ್ಮ ಕಡೆ ಎಲ್ಲರಿಗೂ ಖುಷಿ, ಡ್ಯಾಮ್ ತುಂಬಿತು ಅಂತ ಅರ್ಥ. ಆದರೆ ಅಲ್ಲಿ 1633 ಅಡಿ ಎತ್ತರದ ಗೋಡೆ ಇದೆಯಾ? ಇಲ್ಲ. ಅದು ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ. ನದಿಯ ತಳದಿಂದ ಎಣಿಸಿದರೆ ಬೇರೆ ಅಂಕಿ ಬರುತ್ತೆ. ನೀರು ಅದೇ, ಎಣಿಸಲು ಶುರು ಮಾಡಿದ ಜಾಗ ಬೇರೆ.

ಸರ್ಕ್ಯೂಟ್‌ನಲ್ಲಿ ಆ ಸಮುದ್ರ ಮಟ್ಟಕ್ಕೆ ಗ್ರೌಂಡ್ ಅನ್ನುತ್ತೇವೆ. ನಿಮ್ಮ ಕೆಲಸದಲ್ಲಿ ಅದು ಬ್ಯಾಟರಿಯ ಮೈನಸ್. ಮೀಟರಿನ ಕಪ್ಪು ತಂತಿಯನ್ನು ಅಲ್ಲಿಗೆ ಹಚ್ಚಿಡಿ, ಕೆಂಪು ತಂತಿಯನ್ನು ಎರಡು ರೆಸಿಸ್ಟರ್ ಕೂಡುವ ಜಾಗಕ್ಕೆ ಮುಟ್ಟಿಸಿ. ಬರುವುದೇ ಔಟ್‌ಪುಟ್. ಅಂದರೆ ಮೈನಸ್ ಕಡೆ ಇರುವ ರೆಸಿಸ್ಟರ್ ಮೇಲಿನ ವೋಲ್ಟೇಜ್. ಸೂತ್ರದಲ್ಲಿ ಮೇಲೆ ಗುಣಿಸುವ ರೆಸಿಸ್ಟರ್ ಅದೇ: ಸಪ್ಲೈ ಗುಣಿಸು ಕೆಳಗಿನ ರೆಸಿಸ್ಟರ್, ಭಾಗಿಸು ಎರಡರ ಮೊತ್ತ. ನಾನು ಒಂದು, ಎರಡು ಅಂತ ನಂಬರ್ ಕೊಡುವುದನ್ನೇ ಬಿಟ್ಟಿದ್ದೇನೆ. ಪ್ಲಸ್ ಕಡೆಯದು ಮೇಲಿನ ರೆಸಿಸ್ಟರ್, ಮೈನಸ್ ಕಡೆಯದು ಕೆಳಗಿನ ರೆಸಿಸ್ಟರ್. ಒಂದು ಪುಸ್ತಕದಲ್ಲಿ ಮೇಲಿನದಕ್ಕೆ ಒಂದು ಅಂತಾರೆ, ಇನ್ನೊಂದರಲ್ಲಿ ಎರಡು ಅಂತಾರೆ. ಹುಡುಗರು ಉರು ಹೊಡೆದು ಉಲ್ಟಾ ಹಾಕುತ್ತಾರೆ.

ಉಲ್ಟಾ ಹಾಕಿದರೆ ಏನಾಗುತ್ತೆ ಅಂತ ನನ್ನನ್ನು ಕೇಳಿ. ನಾನೂ ಒಮ್ಮೆ ಇದೇ ತರಹದ ಎರಡು ರೆಸಿಸ್ಟರ್ ಇಟ್ಟುಕೊಂಡು ಬ್ಯಾಟರಿ ವೋಲ್ಟೇಜನ್ನು ಆರ್ಡುಯಿನೋಗೆ (ಪ್ರೋಗ್ರಾಂ ಬರೆದು ನಡೆಸುವ ಚಿಕ್ಕ ಬೋರ್ಡ್) ಕೊಡಲು ಹೊರಟಿದ್ದೆ. ರಾತ್ರಿ ಹೊತ್ತು, ಕಣ್ಣಿಗೆ ನಿದ್ದೆ. ನೀಲಿ ಪಟ್ಟಿಯದು ಕೆಳಗೆ ಹೋಯಿತು, ಹಳದಿಯದು ಮೇಲೆ. 4.9 ಬರಬೇಕಿದ್ದ ಜಾಗದಲ್ಲಿ 7.1 ವೋಲ್ಟ್. ಆ ಬೋರ್ಡಿನ ಪಿನ್ 5 ವೋಲ್ಟಿಗಿಂತ ಜಾಸ್ತಿ ತಡೆಯುವುದಿಲ್ಲ. ಹೊಗೆ ಬರಲಿಲ್ಲ, ಸದ್ದೂ ಆಗಲಿಲ್ಲ. ಅವತ್ತಿನಿಂದ ಆ ಪಿನ್ ಏನು ಕೊಟ್ಟರೂ 1023, ಅಂದರೆ ಅದರ ಕೊನೆಯ ಅಂಕಿ, ಅಂತಲೇ ಓದುತ್ತೆ. ಆ ಬೋರ್ಡನ್ನು ಈಗಲೂ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಅದಕ್ಕೇ ಹೇಳುವುದು, ಮೊದಲು ಮೀಟರಿನಲ್ಲಿ ನೋಡಿ, ಆಮೇಲೆ ಪಿನ್‌ಗೆ ಹಚ್ಚಿ.

ಈಗ ನಿಮ್ಮ ರಿಲೇಗೆ ಬರೋಣ.

ರಿಲೇ ಕಾಯಿಲ್ ಅಳೆದು ನೋಡಿದ್ದೀರಾ? ಬ್ಯಾಟರಿಯಿಂದ ಬಿಡಿಸಿ, ಮೀಟರನ್ನು ಓಮ್‌ಗೆ ತಿರುಗಿಸಿ ಕಾಯಿಲಿನ ಎರಡು ಕಾಲಿಗೆ ಹಿಡಿಯಿರಿ. ಸುಮಾರು 70 ಓಮ್ ಬರುತ್ತೆ. ಅಂದರೆ 5 ವೋಲ್ಟಿಗೆ ಅದು 71 ಮಿಲಿ ಆಂಪ್ ಕೇಳುತ್ತೆ. ಅಷ್ಟು ಕರೆಂಟ್ ಎಲ್ಲಿಂದ ಬರಬೇಕು? ಬ್ಯಾಟರಿಯಿಂದ, ಮೇಲಿನ 6.8 ಕೆ ದಾಟಿ. ಬೇರೆ ದಾರಿ ಇಲ್ಲ. ಈಗ ಒಂದು ಕೆಟ್ಟ ಲೆಕ್ಕ ಹಾಕೋಣ. ಔಟ್‌ಪುಟ್ಟನ್ನು ಒಂದು ತಂತಿಯಿಂದ ನೇರ ಗ್ರೌಂಡಿಗೇ ಶಾರ್ಟ್ ಮಾಡಿದೆವು ಅಂದುಕೊಳ್ಳಿ. ಆಗಲೂ 6.8 ಕೆ ಮೂಲಕ ಎಷ್ಟು ಹರಿಯಬಹುದು? 12 ಭಾಗಿಸು 6.8 ಕೆ. 1.76 ಮಿಲಿ ಆಂಪ್. ಅಷ್ಟೇ. ರಿಲೇಗೆ ಬೇಕಾಗಿರುವುದು 71, ಕೊಡುವ ಶಕ್ತಿ ಇರುವುದು ಎರಡಕ್ಕಿಂತ ಕಮ್ಮಿ. ಹೆಬ್ಬೆರಳಿನ ಗಾತ್ರದ ಪೈಪಿಗೆ ಐದು ಎಚ್‌ಪಿ ಮೋಟರ್ ಕೂಡಿಸಿದ ಹಾಗಾಯಿತು.

ಇನ್ನೊಂದು ಕಡೆಯಿಂದ ನೋಡಿ. ರಿಲೇ ಹಚ್ಚಿದಾಗ ಅದು ಕೆಳಗಿನ 4.7 ಕೆಯ ಪಕ್ಕದಲ್ಲಿ, ಪ್ಯಾರಲಲ್ ಆಗಿ ಕೂರುತ್ತೆ. 4700 ಓಮ್ ಪಕ್ಕದಲ್ಲಿ 70 ಓಮ್ ಇಟ್ಟರೆ ಎರಡೂ ಸೇರಿ 69 ಓಮ್. ಅಂದರೆ ನೀವು 4.7 ಕೆ ಹಾಕಿದ್ದೇನೆ ಅಂದುಕೊಂಡಿದ್ದೀರಿ, ಸರ್ಕ್ಯೂಟಿಗೆ ಕಾಣುವುದು 69 ಓಮ್. ಈಗ ಅದೇ ಸೂತ್ರಕ್ಕೆ ಹಾಕಿ: 12 ಗುಣಿಸು 69, ಭಾಗಿಸು 6869. 0.12 ವೋಲ್ಟ್. ನಿಮ್ಮ ಮೀಟರಿನ ಅಂಕಿ! ಸೂತ್ರ ನಿಮಗೆ ಮೋಸ ಮಾಡಿಲ್ಲ. ಅದಕ್ಕೆ ಕೊಡುವ ಕೆಳಗಿನ ರೆಸಿಸ್ಟರ್ ಬದಲಾಗಿತ್ತು, ನೀವು ಹಳೇ ಅಂಕಿಯನ್ನೇ ಕೊಟ್ಟಿರಿ.

ಪುಸ್ತಕದ ಸೂತ್ರದ ಹಿಂದೆ ಒಂದು ಮಾತು ಅಡಗಿದೆ: ಔಟ್‌ಪುಟ್‌ನಿಂದ ಯಾರೂ ಕರೆಂಟ್ ತೆಗೆಯಬಾರದು. ಆ ಮಾತನ್ನು ಬೋರ್ಡ್ ಮೇಲೆ ಬರೆಯುವುದು ಕಮ್ಮಿ, ಪರೀಕ್ಷೆಯಲ್ಲಿ ಕೇಳುವುದು ಇನ್ನೂ ಕಮ್ಮಿ. ನನ್ನನ್ನು ಕೇಳಿದರೆ ಡಿವೈಡರಿನ ಪಾಠ ಶುರುವಾಗಬೇಕಾದ್ದೇ ಅಲ್ಲಿಂದ.

ನಿಮ್ಮ ಊರಲ್ಲೇ ಇದರ ದೊಡ್ಡ ನಮೂನೆ ಇದೆ. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ದೂರ ಇರುವ, ಲೈನಿನ ಕೊನೆಯ ಮನೆಗೆ ಹೋಗಿ ನೋಡಿ. ಮಧ್ಯಾಹ್ನ ಬಲ್ಬ್ ಚೆನ್ನಾಗಿ ಉರಿಯುತ್ತೆ, ಫ್ಯಾನ್ ಜೋರಾಗಿ ತಿರುಗುತ್ತೆ. ಪಕ್ಕದ ಮನೆಯವರು ನೀರಿನ ಮೋಟರ್ ಹಾಕಿದ ಕ್ಷಣ ಬಲ್ಬ್ ಮಂಕಾಗುತ್ತೆ, ಆಮೇಲೆ ಸ್ವಲ್ಪ ಚೇತರಿಸಿಕೊಳ್ಳುತ್ತೆ. ಯಾಕೆ? ಟಿಸಿಯಿಂದ ಬಂದ ತಂತಿಯೇ ಮೇಲಿನ ರೆಸಿಸ್ಟರ್. ಮನೆಗಳ ಲೋಡೇ ಕೆಳಗಿನ ರೆಸಿಸ್ಟರ್. ತಂತಿಯಲ್ಲಿ ಹೋಗಿ ಬರುವ ದಾರಿ ಎರಡೂ ಸೇರಿ ಒಂದೂವರೆ ಓಮ್ ಇದೆ ಅಂತ ಇಟ್ಟುಕೊಳ್ಳಿ. ಮೋಟರ್ ಓಡುವಾಗ 6 ಆಂಪ್ ಎಳೆದರೆ ತಂತಿಯಲ್ಲೇ 9 ವೋಲ್ಟ್ ಹೋಯಿತು. ಶುರುವಾಗುವ ಕ್ಷಣದಲ್ಲಿ ಅದರ ಐದು ಪಟ್ಟು, 30 ಆಂಪ್ ಎಳೆದರೆ 45 ವೋಲ್ಟ್. 230 ಇದ್ದದ್ದು 185. ಬಲ್ಬ್ ಮಂಕಾಗದೆ ಇನ್ನೇನು? (ಏಸಿಯಲ್ಲಿ, ಅದೂ ಮೋಟರ್ ಇದ್ದಾಗ, ಲೆಕ್ಕ ಇಷ್ಟು ನೇರ ಇರುವುದಿಲ್ಲ. ಆದರೆ ವಿಷಯ ಇದೇ.) ಬರೀ ಮೊಬೈಲ್ ಚಾರ್ಜರ್ ಹಚ್ಚಿದ್ದಾಗ ಅದೇ ಮನೆಯಲ್ಲಿ ಮೀಟರ್ ಹಿಡಿದು ನೋಡಿ, ಪೂರ್ತಿ 230 ತೋರಿಸುತ್ತೆ. ಖಾಲಿ ಇದ್ದಾಗ ಅಳೆದ ವೋಲ್ಟೇಜಿಗೆ ಅರ್ಥ ಅಷ್ಟಕ್ಕಷ್ಟೇ.

ಲೋಡ್ ಅಂದರೆ ಮೋಟರ್, ರಿಲೇ ಅಂತ ಮಾತ್ರ ಅಂದುಕೊಳ್ಳಬೇಡಿ. ಅಳೆಯುವ ಮೀಟರ್ ಕೂಡ ಲೋಡೇ. ಒಮ್ಮೆ ಪ್ರಾಕ್ಟಿಕಲ್ ಕ್ಲಾಸಿಗೆ ಕರೆದಿದ್ದರು, ಹೋಗಿದ್ದೆ. ಮೂರು ಹುಡುಗರಿಗೆ ಒಂದೇ ಸರ್ಕ್ಯೂಟ್ ಕೊಟ್ಟೆ: 12 ವೋಲ್ಟ್, ಮೇಲೆ 1 ಮೆಗ್ ಓಮ್ (ಹತ್ತು ಲಕ್ಷ ಓಮ್), ಕೆಳಗೆ 1 ಮೆಗ್ ಓಮ್. ಎಷ್ಟು ಬರಬೇಕು ಅಂದೆ. ಮೂವರೂ ಒಟ್ಟಿಗೆ 6 ವೋಲ್ಟ್ ಅಂದರು. ಅಳೆಯಿರಿ ಅಂದೆ.

ಒಬ್ಬನ ಹತ್ತಿರ ಒಳ್ಳೆಯ ಡಿಜಿಟಲ್ ಮೀಟರ್ ಇತ್ತು. 5.7 ಬಂತು. ಎರಡನೆಯವನದು ಆ ಹಳದಿ ಬಣ್ಣದ ಅಗ್ಗದ ಮೀಟರ್. 4 ವೋಲ್ಟ್ ಅಂದ. ಮೂರನೆಯವನ ಕೈಗೆ ಬೀರುವಿನಲ್ಲಿ ಇದ್ದ ಹಳೇ ಮುಳ್ಳಿನ ಮೀಟರ್ ಸಿಕ್ಕಿತ್ತು. ಮುಳ್ಳು ಸೊನ್ನೆ ಬಿಟ್ಟು ಮೇಲೇಳಲೇ ಇಲ್ಲ. ಸರ್, ಇದು ಕೆಟ್ಟಿದೆ ಅಂದ. ಅವರಲ್ಲಿ ಯಾರು ಸರಿ ಅಂತ ಹತ್ತು ನಿಮಿಷ ವಾದ ನಡೆಯಿತು. ನಾನು ಸುಮ್ಮನೆ ಕೇಳುತ್ತಾ ಕೂತೆ, ಚೆನ್ನಾಗಿತ್ತು.

ಮೂವರೂ ಸರಿ. ಒಳ್ಳೆಯ ಡಿಜಿಟಲ್ ಮೀಟರಿನ ಒಳಗೆ 10 ಮೆಗ್ ಓಮ್ ಇರುತ್ತೆ. ಅದು ಕೆಳಗಿನ 1 ಮೆಗ್ ಜೊತೆ ಪ್ಯಾರಲಲ್ ಆಗಿ 0.91 ಮೆಗ್ ಆಗುತ್ತೆ, ಅದಕ್ಕೇ 5.7. ಅಗ್ಗದ ಮೀಟರುಗಳಲ್ಲಿ ಇರುವುದು 1 ಮೆಗ್ ಮಾತ್ರ. 1 ಮೆಗ್ ಪಕ್ಕದಲ್ಲಿ 1 ಮೆಗ್ ಕೂತರೆ ಅರ್ಧ ಮೆಗ್, 12ರಲ್ಲಿ ಮೂರನೇ ಒಂದು ಪಾಲು, 4 ವೋಲ್ಟ್. ಆ ಮುಳ್ಳಿನ ಮೀಟರ್ ವೋಲ್ಟಿಗೆ 2 ಕೆ ಜಾತಿಯದು. 10 ವೋಲ್ಟ್ ರೇಂಜಿನಲ್ಲಿ ಒಳಗೆ ಬರೀ 20 ಕೆ. ಲೆಕ್ಕ ಹಾಕಿದರೆ 0.23 ವೋಲ್ಟ್. ಮುಳ್ಳು ಹೇಗೆ ಏಳುತ್ತೆ? ಪ್ರತಿಯೊಬ್ಬನೂ ತನ್ನ ಮೀಟರ್ ಹಚ್ಚಿದ ಸರ್ಕ್ಯೂಟಿನ ವೋಲ್ಟೇಜನ್ನು ಸರಿಯಾಗೇ ಓದಿದ್ದ. ಮೀಟರ್ ಇಲ್ಲದಾಗಿನ 6 ವೋಲ್ಟನ್ನು ಮಾತ್ರ ಯಾರೂ ನೋಡಲಿಲ್ಲ.

ನಿಮ್ಮ ಸರ್ಕ್ಯೂಟಿನಲ್ಲಿ ಈ ತೊಂದರೆ ಕಾಣಲಿಲ್ಲ, ಯಾಕೆಂದರೆ ನಿಮ್ಮ ರೆಸಿಸ್ಟರ್‌ಗಳು ಚಿಕ್ಕವು. ಹೊರಗಿನಿಂದ ನೋಡುವವನಿಗೆ ನಿಮ್ಮ ಡಿವೈಡರ್ ಹೇಗೆ ಕಾಣುತ್ತೆ ಗೊತ್ತಾ? 4.9 ವೋಲ್ಟಿನ ಒಂದು ಬ್ಯಾಟರಿ, ಅದರ ಒಳಗೆ 2.78 ಕೆ ರೆಸಿಸ್ಟರ್. 6.8 ಕೆ ಮತ್ತು 4.7 ಕೆಯನ್ನು ಪ್ಯಾರಲಲ್ ಮಾಡಿದರೆ ಬರುವ ಅಂಕಿ ಅದು. ತೆವೆನಿನ್ ಥಿಯರಂ ಅಂತ ನಿಮ್ಮ ಪುಸ್ತಕದಲ್ಲಿ ಇರುತ್ತಲ್ಲ, ಅದರ ನಿಜವಾದ ಉಪಯೋಗ ಇದು. ಐದು ಮಾರ್ಕಿನ ಪ್ರಶ್ನೆ ಅಂತ ಓದಿ ಮರೆಯಬೇಡಿ. 2.78 ಕೆ ಮುಂದೆ 1 ಮೆಗ್ ಮೀಟರ್ ಏನೂ ಅಲ್ಲ, 70 ಓಮ್ ರಿಲೇ ರಾಕ್ಷಸ. ನಾವು ಬೆಂಚಿನ ಮೇಲೆ ಇಟ್ಟುಕೊಳ್ಳುವ ಅಂದಾಜು ಹೀಗೆ: ಹಚ್ಚುವ ಲೋಡ್ ಆ ಒಳಗಿನ ರೆಸಿಸ್ಟರ್‌ಗಿಂತ ಹತ್ತು ಪಟ್ಟಾದರೂ ದೊಡ್ಡದಿರಬೇಕು. ನೂರು ಪಟ್ಟು ಇದ್ದರೆ ನಿಶ್ಚಿಂತೆ.

ಇಲ್ಲಿಗೆ ಬಂದ ಹುಡುಗರಿಗೆಲ್ಲ ಒಂದು ಯೋಚನೆ ಬರುತ್ತೆ, ನಿಮಗೂ ಬಂದಿರಬಹುದು. ಹಾಗಾದರೆ ರೆಸಿಸ್ಟರ್‌ಗಳನ್ನೇ ಚಿಕ್ಕದು ಮಾಡಿದರೆ ಆಯ್ತಲ್ಲ? ಮಾಡಿ ನೋಡೋಣ. ರಿಲೇ 70 ಓಮ್, ಅದರ ಹತ್ತನೇ ಒಂದು ಪಾಲು, ಕೆಳಗೆ 7 ಓಮ್. ಮೇಲೆ 9.8 ಓಮ್. ಲೋಡ್ ಇಲ್ಲದಾಗ ಸರಿಯಾಗಿ 5 ವೋಲ್ಟ್. ರಿಲೇ ಹಚ್ಚಿದರೆ 4.7. ರಿಲೇ ಟಕ್ ಅನ್ನುತ್ತೆ! ಆದರೆ ಆ ಎರಡು ರೆಸಿಸ್ಟರ್‌ಗಳಲ್ಲಿ ಸದಾ 0.71 ಆಂಪ್ ಹರಿಯುತ್ತಿರುತ್ತೆ. ಮೇಲಿನದು 5 ವ್ಯಾಟ್ ಶಾಖ, ಕೆಳಗಿನದು ಮೂರೂವರೆ ವ್ಯಾಟ್. ನಿಮ್ಮ ಡಬ್ಬಿಯಲ್ಲಿ ಇರುವ ರೆಸಿಸ್ಟರ್ ಕಾಲು ವ್ಯಾಟಿನವು. ಮೊದಲು ಬಣ್ಣ ಕಪ್ಪಾಗುತ್ತೆ, ಆಮೇಲೆ ವಾಸನೆ, ಆಮೇಲೆ ಹೊಗೆ. ದೊಡ್ಡ ಬಿಳಿ ಇಟ್ಟಿಗೆಯಂಥ ರೆಸಿಸ್ಟರ್ ತಂದು ಹಾಕಿದರೆ ಸುಡುವುದಿಲ್ಲ, ಬ್ಯಾಟರಿ ಮಾತ್ರ ಖಾಲಿ ಆಗುತ್ತೆ. 5 ಆಂಪ್ ಅವರ್ ಬೈಕ್ ಬ್ಯಾಟರಿ ಹೊಸದಿದ್ದರೂ ಏಳು ಗಂಟೆ. ರಿಲೇ ಒಂದು ಸಲವೂ ಟಕ್ ಅನ್ನದಿದ್ದರೂ ಏಳೇ ಗಂಟೆ! 71 ಮಿಲಿ ಆಂಪ್ ಕೆಲಸಕ್ಕೆ 710 ಮಿಲಿ ಆಂಪ್ ಚೆಲ್ಲಿದ ಹಾಗೆ.

ನಿಮ್ಮ ಅಜ್ಜನ ಕಾಲದ ಮನೆಗಳಲ್ಲಿ ಗೋಡೆಗೆ ಗುಂಡಗಿನ ಫ್ಯಾನ್ ರೆಗ್ಯುಲೇಟರ್ ಇರುತ್ತಿತ್ತು. ಅದನ್ನು ಮುಟ್ಟಿದವರಿಗೆ ಈ ಶಾಖ ಗೊತ್ತು. ಒಳಗೆ ಸುತ್ತಿದ ತಂತಿಯ ರೆಸಿಸ್ಟರ್, ಫ್ಯಾನಿಗೆ ಸೀರೀಸ್‌ನಲ್ಲಿ. ಫ್ಯಾನ್ ನಿಧಾನ ಮಾಡಿದಷ್ಟೂ ಗೋಡೆ ಬಿಸಿ. ರಾಯಚೂರಿನ ಮೇ ತಿಂಗಳಿಗೆ ಅದು ಬೇರೆ ಬೇಕಿತ್ತಾ!

ಇನ್ನೊಂದು ದೊಡ್ಡ ದೋಷ ಹೇಳಿಬಿಡುತ್ತೇನೆ. ಡಿವೈಡರ್ ವೋಲ್ಟೇಜನ್ನು ಹಿಡಿದು ನಿಲ್ಲಿಸುವುದಿಲ್ಲ, ಪಾಲು ಮಾತ್ರ ಮಾಡುತ್ತೆ. ನಿಮ್ಮ ಬ್ಯಾಟರಿ 12 ವೋಲ್ಟಿನದು ಅಂತ ಮೇಲೆ ಬರೆದಿದೆ. ಆದರೆ ಪೂರ್ತಿ ಚಾರ್ಜ್ ಆಗಿ ತಣ್ಣಗೆ ಕೂತಾಗ ಅದು 12.6, 12.7 ಇರುತ್ತೆ. ಇಳಿದಾಗ 11.8. ಚಾರ್ಜ್ ಆಗುವಾಗ 14.4ರ ತನಕ ಏರುತ್ತೆ. ನಿಮ್ಮ 4.9 ವೋಲ್ಟ್ ಕೂಡ ಅದರ ಜೊತೆಗೇ 4.8ರಿಂದ 5.9ರ ತನಕ ಓಡಾಡುತ್ತೆ. ಅದರ ಮೇಲೆ ಬಂಗಾರದ ಪಟ್ಟಿಯ ರೆಸಿಸ್ಟರ್ ಅಂದರೆ ನೂರಕ್ಕೆ ಐದು ಹೆಚ್ಚುಕಮ್ಮಿ. ಒಂದು ಹೆಚ್ಚು, ಇನ್ನೊಂದು ಕಮ್ಮಿ ಬಂದರೆ ಸರಿಯಾಗಿ 12 ವೋಲ್ಟ್ ಕೊಟ್ಟಾಗಲೇ ಔಟ್‌ಪುಟ್ 4.6 ಆಗಬಹುದು, 5.2 ಆಗಬಹುದು. ಎಲ್ಲೋ ಏನೋ ತಪ್ಪಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೀಟರಿನಲ್ಲಿ ಎರಡೂ ರೆಸಿಸ್ಟರ್ ಅಳೆದು ಆ ಅಂಕಿಯನ್ನೇ ಸೂತ್ರಕ್ಕೆ ಹಾಕಿ.

ಹಾಗಾದರೆ ನಿಮ್ಮ ಟ್ಯಾಂಕಿಗೆ ಏನು ಮಾಡಬೇಕು? ಎಲ್ಲಕ್ಕಿಂತ ಸುಲಭದ ದಾರಿ ಯಾರಿಗೂ ಹೊಳೆಯುವುದಿಲ್ಲ: 12 ವೋಲ್ಟಿನ ರಿಲೇ ತನ್ನಿ. ನೋಡಲು ಅದೇ ನೀಲಿ ಡಬ್ಬಿ, ಹೆಚ್ಚುಕಮ್ಮಿ ಅದೇ ಬೆಲೆ, ಕಾಯಿಲ್ ಮಾತ್ರ 400 ಓಮ್ ಹತ್ತಿರ ಇರುತ್ತೆ. 30 ಮಿಲಿ ಆಂಪ್ ಸಾಕು. ಡಿವೈಡರ್ ಯಾಕೆ ಬೇಕು ಆಗ? ಇಲ್ಲ, 5 ವೋಲ್ಟಿನದೇ ಇದೆ, ಆರ್ಡುಯಿನೋ ಕೂಡ ಹಾಕಬೇಕು ಅಂದರೆ 7805 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಹಾಕಿ. ಅಕ್ಷರ ನಿಮ್ಮ ಕಡೆಗೆ ಬರುವಂತೆ ಹಿಡಿದರೆ ಎಡಗಾಲು ಇನ್‌ಪುಟ್, ನಡುವಿನದು ಗ್ರೌಂಡ್, ಬಲಗಾಲು 5 ವೋಲ್ಟ್. ಇನ್‌ಪುಟ್ ಕಡೆ 0.33, ಔಟ್‌ಪುಟ್ ಕಡೆ 0.1 ಮೈಕ್ರೋ ಫ್ಯಾರಡ್ ಕೆಪಾಸಿಟರ್. ರಿಲೇಯ 71 ಮಿಲಿ ಆಂಪಿಗೆ ಅದರಲ್ಲಿ ಅರ್ಧ ವ್ಯಾಟ್ ಶಾಖ, ಶಾಖ ಹೊರಹಾಕುವ ತಗಡು ಹಚ್ಚದೆ ನಡೆಯುತ್ತೆ. ಲೋಡ್ ಬದಲಾದರೂ ಬ್ಯಾಟರಿ ಇಳಿದರೂ 7805 ತನ್ನನ್ನು ತಾನೇ ಸರಿಮಾಡಿಕೊಂಡು 5ರಲ್ಲೇ ನಿಲ್ಲುತ್ತೆ. ಎರಡು ರೆಸಿಸ್ಟರ್‌ಗೆ ಆ ಬುದ್ಧಿ ಇಲ್ಲ. ಇನ್ನೂ ಜಾಸ್ತಿ ಕರೆಂಟ್ ಬೇಕಾದರೆ ಎಲ್‌ಎಂ2596 ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಚಿಕ್ಕ ಬೋರ್ಡ್), ಅದು ಶಾಖವನ್ನೂ ಉಳಿಸುತ್ತೆ.

ಮಾಡ್ಯೂಲ್ ಅಲ್ಲದ ಬಿಡಿ ರಿಲೇ ಇದ್ದರೆ ಅದನ್ನು ಆರ್ಡುಯಿನೋ ಪಿನ್‌ಗೆ ನೇರ ಹಚ್ಚಬೇಡಿ. ನಡುವೆ ಟ್ರಾನ್ಸಿಸ್ಟರ್ ಇರಲಿ, ಕಾಯಿಲಿಗೆ ಅಡ್ಡವಾಗಿ ಒಂದು ಡಯೋಡ್ ಇರಲಿ. ಆ ರಿಲೇ ಮೇಲೆ 10 ಆಂಪ್ ಅಂತ ಬರೆದಿದ್ದನ್ನು ನಂಬಿ ಮೋಟರನ್ನು ಅದಕ್ಕೇ ನೇರ ಕೂಡಿಸಬೇಡಿ. ಆಗಲೇ ಹೇಳಿದೆನಲ್ಲ, ಶುರುವಾಗುವಾಗ ಮೋಟರ್ ಐದು ಪಟ್ಟು ಎಳೆಯುತ್ತೆ. ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡರೆ ಟ್ಯಾಂಕ್ ತುಂಬಿ ಹರಿದರೂ ಮೋಟರ್ ನಿಲ್ಲುವುದಿಲ್ಲ. ರಿಲೇ ಒಂದು ಕಾಂಟ್ಯಾಕ್ಟರನ್ನು (ಮೋಟರಿನಂಥ ದೊಡ್ಡ ಲೋಡಿಗೆ ಮಾಡಿದ ದೊಡ್ಡ ರಿಲೇ) ನಡೆಸಲಿ, ಕಾಂಟ್ಯಾಕ್ಟರ್ ಮೋಟರನ್ನು ನಡೆಸಲಿ. 230 ವೋಲ್ಟಿನ ಆ ಭಾಗವನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಹಾಗೇ 230 ವೋಲ್ಟಿಗೆ ಎರಡು ರೆಸಿಸ್ಟರ್ ಹಾಕಿ 5 ವೋಲ್ಟ್ ತೆಗೆಯುವ ಸಾಹಸ ಮಾಡಲೇಬೇಡಿ. ಲೆಕ್ಕದಲ್ಲಿ 5 ಬರುತ್ತೆ. ಆದರೆ ನಿಮ್ಮ ಗ್ರೌಂಡ್ ನೇರ ಲೈನಿಗೆ ಕೂಡಿರುತ್ತೆ. ಪ್ಲಗ್ ಉಲ್ಟಾ ಚುಚ್ಚಿದರೆ ಆ 5 ವೋಲ್ಟಿನ ತಂತಿ ಮುಟ್ಟಿದರೂ ಹೊಡೆಯುವುದು 230.

ಇಷ್ಟೆಲ್ಲ ಬೈದ ಮೇಲೆ, ಡಿವೈಡರ್ ಯಾವ ಕೆಲಸಕ್ಕೆ? ಸುದ್ದಿ ಮುಟ್ಟಿಸಲು. ಹೊಟ್ಟೆ ತುಂಬಿಸುವ ಕೆಲಸ ಅದರದ್ದಲ್ಲ. ರೇಡಿಯೋದ ವಾಲ್ಯೂಮ್ ತಿರುಗಿಸುತ್ತೀರಲ್ಲ, ಅದೂ ಡಿವೈಡರೇ. ಒಂದೇ ಪಟ್ಟಿ, ನಡುವೆ ಸರಿಯುವ ಕಾಲು. ಒಂದು ರೆಸಿಸ್ಟರ್ ಜಾಗದಲ್ಲಿ ಶಾಖಕ್ಕೆ ಬದಲಾಗುವ ಥರ್ಮಿಸ್ಟರ್ ಹಾಕಿದರೆ ಥರ್ಮಾಮೀಟರ್, ಬೆಳಕಿಗೆ ಬದಲಾಗುವ ಎಲ್‌ಡಿಆರ್ ಹಾಕಿದರೆ ಕತ್ತಲಾದಾಗ ತಾನೇ ಹತ್ತುವ ದೀಪ. ಶಕ್ತಿನಗರದ ಥರ್ಮಲ್ ಸ್ಟೇಷನ್ ಕಡೆಯೋ ಕುಡುತಿನಿಯ ಕಡೆಯೋ ಹೋದಾಗ ಬೇಲಿಯಾಚೆಯ ಸ್ವಿಚ್‌ಯಾರ್ಡ್ ನೋಡಿ. ಅಂಥ ದೊಡ್ಡ ಯಾರ್ಡುಗಳಲ್ಲಿ ಲಕ್ಷಗಟ್ಟಲೆ ವೋಲ್ಟನ್ನು ಅಳೆಯಲು ಇಡುವುದೂ ಒಂದು ಡಿವೈಡರನ್ನೇ. ಅಲ್ಲಿ ರೆಸಿಸ್ಟರ್ ಬದಲು ಕೆಪಾಸಿಟರ್‌ಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ, ಕೆಳಗಿನ ಚಿಕ್ಕ ಪಾಲನ್ನು ಒಂದು ಟ್ರಾನ್ಸ್‌ಫಾರ್ಮರ್ ಮೂಲಕ ಮೀಟರಿಗೆ ಕೊಡುತ್ತಾರೆ. ಅಲ್ಲೂ ಅದರಿಂದ ಊರಿಗೆ ಕರೆಂಟ್ ಕೊಡುವುದಿಲ್ಲ, ಅಳೆಯುತ್ತಾರೆ ಅಷ್ಟೇ.

ನಿಮ್ಮ 6.8 ಕೆ, 4.7 ಕೆಯನ್ನು ಬಿಸಾಕಬೇಡಿ. ಅವಕ್ಕೂ ಕೆಲಸ ಇದೆ. ಹಳೇ ಬ್ಯಾಟರಿ ಯಾವಾಗ ಕೈಕೊಡುತ್ತೋ ಗೊತ್ತಿಲ್ಲ, ಅದರ ವೋಲ್ಟೇಜ್ ಮೇಲೆ ಆರ್ಡುಯಿನೋ ಕಣ್ಣಿಡಲಿ. 6.8 ಕೆ ಜೊತೆ ಸೀರೀಸ್‌ನಲ್ಲಿ ಇನ್ನೊಂದು 3.3 ಕೆ ಸೇರಿಸಿ. ಮೇಲಿನದು 10.1 ಕೆ ಆಯಿತು. ಕೆಳಗೆ ಅದೇ 4.7 ಕೆ. ಚಾರ್ಜ್ ಆಗುವಾಗ ಬ್ಯಾಟರಿ 15 ಮುಟ್ಟಿದರೂ ಪಿನ್‌ಗೆ 4.76, ಅಪಾಯ ಇಲ್ಲ. ಆರ್ಡುಯಿನೋ ಊನೋ ಬೋರ್ಡಿನ ಚಿಪ್ ತನ್ನ ಅಳೆಯುವ ಪಿನ್ ಮುಂದಿನ ರೆಸಿಸ್ಟೆನ್ಸ್ 10 ಕೆ ದಾಟದಿರಲಿ ಅನ್ನುತ್ತೆ. ನಿಮ್ಮದು 10.1 ಕೆ ಮತ್ತು 4.7 ಕೆ ಪ್ಯಾರಲಲ್, 3.2 ಕೆ. ಪಾಸ್. ಪಿನ್ನಿಗೂ ಗ್ರೌಂಡಿಗೂ ನಡುವೆ ಒಂದು 0.1 ಮೈಕ್ರೋ ಫ್ಯಾರಡ್ ಹಾಕಿ, ಓದು ಕುಣಿಯುವುದಿಲ್ಲ. ಪ್ರೋಗ್ರಾಮಿನಲ್ಲಿ ಓದಿದ ವೋಲ್ಟನ್ನು 3.149ರಿಂದ ಗುಣಿಸಿದರೆ ಬ್ಯಾಟರಿಯ ವೋಲ್ಟ್ ಸಿಗುತ್ತೆ. ಡಿವೈಡರ್ ತಾನು 0.85 ಮಿಲಿ ಆಂಪ್ ಕುಡಿಯುತ್ತೆ, ದಿನಕ್ಕೆ 20 ಮಿಲಿ ಆಂಪ್ ಅವರ್. ತಿಂಗಳುಗಟ್ಟಲೆ ಸುಮ್ನೆ ಇಡುವುದಾದರೆ ಒಂದು ಸ್ವಿಚ್ ಹಾಕಿಬಿಡಿ. ಇಎಸ್‌ಪಿ32 ಬೋರ್ಡ್ ಬಳಸುವುದಾದರೆ ಈ ಅಂಕಿಗಳು ನಡೆಯುವುದಿಲ್ಲ, ಅದರ ಪಿನ್ 3.3 ವೋಲ್ಟಿನದು. ಆಗ ಮೇಲೆ 47 ಕೆ, ಕೆಳಗೆ 10 ಕೆ.

ಕಟ್ಟಿದ ಮೇಲೆ ಪಿನ್‌ಗೆ ಹಚ್ಚುವ ಮೊದಲು ಕಪ್ಪು ತಂತಿ ಬ್ಯಾಟರಿ ಮೈನಸ್‌ಗೆ, ಕೆಂಪು ತಂತಿ ನಡುವಿನ ಜಾಗಕ್ಕೆ. ಬ್ಯಾಟರಿ 12.6 ಇದ್ದರೆ 4 ವೋಲ್ಟ್ ಕಾಣಬೇಕು. 8.6 ಕಂಡರೆ ಉಲ್ಟಾ ಚುಚ್ಚಿದ್ದೀರಿ, ಬಿಚ್ಚಿ ಮತ್ತೆ ಹಾಕಿ.